ಆರು ಗೆರೆಗಳಲ್ಲಿ ಭಾವಗೀತೆ

ನಮ್ಮ ಬಿಬವೇವಾಡಿಯ ಕೆಲವು ಕನ್ನಡ ಮಕ್ಕಳು ಗಿಟಾರಿನಲ್ಲಿ ಭಾವಗೀತೆ ಕಲಿಯಲು ಟಕ್ಸ್‌ಗಿಟಾರ್, ಮ್ಯೂಸ್‌ಸ್ಕೋರ್‌ಗಳಂಥ ಗಣಕ ತಂತ್ರಾಂಶಗಳನ್ನು ನೆಚ್ಚಿದ್ದಾರೆ. ಆರು ಗೆರೆಗಳೆಂದರೆ ಆರು ತಂತಿಗಳು. ಮೇಲಿನ ಅಂಕಿ ಒತ್ತಬೇಕಾದ ಮೆಟ್ಟು. ಕಠಿಣ ಸಾಲನ್ನು ನಿಧಾನಗೊಳಿಸಿ ಮತ್ತೆ ಮತ್ತೆ ಕೇಳಬಹುದು, ಶ್ರುತಿ ಬದಲಿಸಬಹುದು, ಬರೆದದ್ದನ್ನು ಅಚ್ಚುಕಟ್ಟಾಗಿ ಜೋಡಿಸಿಡಬಹುದು. ಇವು ಸಣ್ಣ ಉಪಕಾರಗಳಲ್ಲ.

ಆದರೆ ನಾವು ಕಂಡ ಬರಹಗಳಲ್ಲಿ ಸ್ವರಗಳಿವೆ, ಹಾಡಿಲ್ಲ. ತಂತಿ ಎಳೆಯುವ, ಬೆರಳು ಜಾರಿಸುವ ಗುರುತುಗಳು ತಂತ್ರಾಂಶದಲ್ಲಿದ್ದರೂ ಅವನ್ನು ಹಾಕುವ ತಾಳ್ಮೆ ಬರೆದವರಿಗಿಲ್ಲ. 1904ರಲ್ಲೇ ಸುಬ್ಬರಾಮ ದೀಕ್ಷಿತರು ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಗಮಕಗಳಿಗೂ ಚಿಹ್ನೆ ಕೊಟ್ಟಿದ್ದರು. ಭೀಮಸೇನ ಜೋಶಿಯವರ ಮೀಂಡಿಗೆ ತಲೆದೂಗಿದ ಪುಣೆಗೆ ಅದರ ಬೆಲೆ ಹೇಳಿಕೊಡಬೇಕೆ? ಯಂತ್ರ ಬರೆದಷ್ಟನ್ನೇ ನುಡಿಸುತ್ತದೆ. ಮಕ್ಕಳು ಮೊದಲು ಹಾಡನ್ನು ಕಂಠಗತ ಮಾಡಿಕೊಳ್ಳಲಿ, ಬರೆಯುವುದು ಆಮೇಲಾಗಲಿ.