ಗುಂಡುಸೂಜಿಯ ಸಾಕ್ಷ್ಯ

ಜರ್ಮನ್ ಲೇಖಕ ಎರಿಶ್ ಕೆಸ್ಟ್ನರನು 1929ರಲ್ಲಿ ಪ್ರಕಟಿಸಿದ ‘ಎಮಿಲ್ ಮತ್ತು ಪತ್ತೇದಾರರು’ ಎಂಬ ಕಿರಿಯರ ಕಾದಂಬರಿಯ ವಿಷಯದಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: ಈ ಕಥೆ ಇಂದಿನ ಸಮಾಜದಲ್ಲಿ ನಡೆಯಲಾರದು; ತಾಯಿ ಹಣವನ್ನು ಬ್ಯಾಂಕಿನ ಮೂಲಕ ಕಳುಹಿಸುತ್ತಾಳೆ, ಹುಡುಗನ ಜೇಬಿನಲ್ಲಿ ದೂರವಾಣಿ ಇರುತ್ತದೆ, ಅಲ್ಲಿಗೆ ಕಾದಂಬರಿ ಮುಗಿಯಿತು. ಅನೇಕ ವರ್ಷ ಬ್ಯಾಂಕಿನಲ್ಲಿ ಪರರ ಹಣವನ್ನು ಎಣಿಸಿದ ನನಗೆ ಈ ಅಭಿಪ್ರಾಯವು ಅರ್ಧ ಮಾತ್ರ ಸರಿಯೆಂದು ತೋರುತ್ತದೆ. ಕಥೆ ನಿಲ್ಲುವುದಿಲ್ಲ, ಕಳ್ಳನು ಬೇರೆ ದಾರಿ ಹಿಡಿಯುತ್ತಾನೆ, ಅಷ್ಟೆ.

ಕಥೆಯನ್ನು ಸಂಕ್ಷೇಪವಾಗಿ ನೆನೆಯೋಣ. ಎಮಿಲನ ತಾಯಿ ವಿಧವೆ. ಮನೆಯಲ್ಲಿಯೇ ಹೆಂಗಸರ ಕೇಶಾಲಂಕಾರ ಮಾಡಿ ಜೀವಿಸುವವಳು. ಬರ್ಲಿನ್ನಿನಲ್ಲಿರುವ ಅಜ್ಜಿಗೆ ಮುಟ್ಟಿಸಲೆಂದೂ ಅವನ ಖರ್ಚಿಗೆಂದೂ ಅವಳು ಮಗನ ಕೈಗೆ ಒಂದು ನೂರರ ಮತ್ತು ಎರಡು ಇಪ್ಪತ್ತರ ನೋಟುಗಳನ್ನು, ಒಟ್ಟು 140 ಮಾರ್ಕುಗಳನ್ನು ಕೊಡುತ್ತಾಳೆ. ವಾರಕ್ಕೆ 35 ಮಾರ್ಕು ಗಳಿಸುವವರಿಗೆ ಇದು ದೊಡ್ಡ ಮೊತ್ತವೆಂದು ಲೇಖಕನೇ ಹೇಳುತ್ತಾನೆ. ಇನ್ನೊಂದು ಸಂಗತಿಯನ್ನು ಅವನು ಹೇಳುವುದಿಲ್ಲ. ಅಂದಿನ ವಾಚಕರಿಗೆ ಹೇಳಬೇಕಾಗಿಯೂ ಇರಲಿಲ್ಲ. 1923ರ ನವೆಂಬರಿನಲ್ಲಿ ಹೊಸ ನಾಣ್ಯ ಬಂದಾಗ ಒಂದು ಲಕ್ಷ ಕೋಟಿ ಹಳೆಯ ಮಾರ್ಕುಗಳು ಒಂದೇ ಒಂದು ಹೊಸ ಮಾರ್ಕಿಗೆ ಸಮನಾದುವು. ಜನರ ಉಳಿತಾಯವೆಲ್ಲ ಕಾಗದವಾಗಿ ಹೋದ ಮೇಲೆ, ಕೇವಲ ಆರು ವರ್ಷಗಳೊಳಗೆ ಕೂಡಿಟ್ಟ 140 ಮಾರ್ಕುಗಳಿವು. ಎಮಿಲನು ಲಕೋಟೆಯನ್ನು ಕೋಟಿನ ಒಳಮಗ್ಗುಲಿಗೆ ಗುಂಡುಸೂಜಿಯಿಂದ ಚುಚ್ಚಿಟ್ಟುಕೊಳ್ಳುವ ಆತಂಕವನ್ನು ಈ ಹಿನ್ನೆಲೆಯಲ್ಲಿ ಓದಬೇಕು.

ರೈಲಿನಲ್ಲಿ ಗ್ರುಂಡೈಸ್ ಎಂಬವನು ಚಾಕೊಲೇಟು ಕೊಡುತ್ತಾನೆ; ಹುಡುಗ ನಿದ್ರೆಹೋಗುತ್ತಾನೆ; ಹಣ ಮಾಯ. ಬರ್ಲಿನ್ನಿನಲ್ಲಿ ಗುಸ್ತಾವ್, ಪ್ರೊಫೆಸರ್ ಮುಂತಾದ ಅಪರಿಚಿತ ಹುಡುಗರು ಅವನ ಪಕ್ಷ ವಹಿಸಿ ಕಳ್ಳನನ್ನು ಹಿಂಬಾಲಿಸುತ್ತಾರೆ. ಮರುದಿನ ಗ್ರುಂಡೈಸನು ಬ್ಯಾಂಕೊಂದರಲ್ಲಿ ನೋಟನ್ನು ಚಿಲ್ಲರೆ ಮಾಡಿಸಲು ಹೋದಾಗ ಸಿಕ್ಕಿಬೀಳುತ್ತಾನೆ. ನೋಟಿನಲ್ಲಿ ಸೂಜಿಯ ತೂತುಗಳಿವೆಯೆಂದು ಎಮಿಲ್ ಹೇಳುತ್ತಾನೆ, ನೋಡಿದರೆ ಇವೆ. ಹಣವೆಂಬ ವಸ್ತುವಿಗೆ ಒಡೆಯನ ಗುರುತಿಲ್ಲ, ಒಂದು ನೋಟಿನಂತೆ ಇನ್ನೊಂದು. ಬಡ ಹುಡುಗನ ಭಯವೇ ಅದಕ್ಕೆ ಗುರುತನ್ನು ಹಾಕಿತು. ಇಂತಹ ಸಾಕ್ಷ್ಯವನ್ನು ಕಲ್ಪಿಸಿದ ಕಾದಂಬರಿಕಾರನಿಗೆ ನಮ್ಮ ವೃತ್ತಿಯವರು ವಿಶೇಷವಾಗಿ ತಲೆಬಾಗಬೇಕು.

ಕೊನೆಗೆ ಅಜ್ಜಿಯು ಈ ಎಲ್ಲ ಗದ್ದಲದಿಂದ ತೆಗೆಯುವ ತಾತ್ಪರ್ಯವೆಂದರೆ, ಹಣವನ್ನು ಅಂಚೆಯ ಮೂಲಕವೇ ಕಳುಹಿಸಬೇಕು ಎಂಬುದು. ಮುಂಬಯಿಯ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಓದಿ, ಊರಿಗೆ ಮನಿಯಾರ್ಡರು ಮಾಡುತ್ತಿದ್ದ ನಮ್ಮ ಹಿರಿಯರು ಈ ಮಾತಿಗೆ ನಕ್ಕಾರು. ಅವರಿಗೆ ಇದು ಯಾವ ಪುಸ್ತಕವೂ ಕಲಿಸಬೇಕಾಗಿರದ ಪಾಠ.

ಇನ್ನು ಕಾಲವನ್ನು ಬದಲಾಯಿಸಿ ನೋಡೋಣ. 2001ರ ಜರ್ಮನ್ ಚಲಚ್ಚಿತ್ರವು ಕಥೆಯನ್ನು ತನ್ನ ಕಾಲಕ್ಕೆ ತಂದಿತು. ತಾಯಿಯ ಸ್ಥಾನದಲ್ಲಿ ತಂದೆಯನ್ನು ನಿಲ್ಲಿಸಿ, ಮಕ್ಕಳ ಮುಖಂಡತ್ವವನ್ನು ಪೋನಿ ಎಂಬ ಹುಡುಗಿಗೆ ಒಪ್ಪಿಸಿತು. ಎರಡನೆಯದು ನ್ಯಾಯವಾದ ತಿದ್ದುಪಡಿ. ಮೂಲದ ಪೋನಿ ಎಷ್ಟೇ ಚುರುಕಾಗಿದ್ದರೂ, ಸೈಕಲ್ಲಿನ ಮೇಲೆ ಬಂದು ಹುಡುಗರಿಗೆ ಕಾಫಿ ತಿಂಡಿ ಒದಗಿಸುವುದೇ ಅವಳ ಪಾಲಿಗೆ ಬಂದ ಕೆಲಸ. ಆದರೆ ಆ ಚಿತ್ರದ ಕಾಲದಲ್ಲಿಯೂ ನೋಟು ಕೈಯಿಂದ ಕೈಗೆ ಹೋಗುತ್ತಿತ್ತು. ನಿಜವಾದ ಬದಲಾವಣೆ ಅನಂತರದ್ದು.

ಇಂದಿನ ಗ್ರುಂಡೈಸನು ರೈಲು ಹತ್ತುವುದಿಲ್ಲ. ಹಣವು ಕ್ಷಣಾರ್ಧದಲ್ಲಿ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೆ ಬೇರೆಡೆಗೆ ಹಾರುತ್ತದೆ. ಸೂಜಿಯ ತೂತಿನ ಬದಲಿಗೆ ವ್ಯವಹಾರದ ಸಂಖ್ಯೆಯಿದೆ, ನಿಜ. ಆದರೆ ಅದರ ಜಾಡು ಹಿಡಿದು ಹೋದರೆ ಸಿಗುವವನು ಎಷ್ಟೋ ಸಲ ಅಲ್ಪ ಹಣಕ್ಕೆ ತನ್ನ ಖಾತೆಯನ್ನು ಬಾಡಿಗೆಗೆ ಕೊಟ್ಟ ಬಡವ. ಎಮಿಲನ ಗೆಳೆಯರು ಇಂದು ಅವನ ಭಾವಚಿತ್ರವನ್ನು ಊರಿಗೆಲ್ಲ ಹಂಚುತ್ತಿದ್ದರು. ಮಕ್ಕಳ ಆ ಮೆರವಣಿಗೆ ತಪ್ಪು ಮನುಷ್ಯನನ್ನು ಸುತ್ತುವರಿಯುತ್ತಿತ್ತು. ಮೂಲದಲ್ಲಿ ಹುಡುಗರ ನಡುವೆ ಒಂದು ಚರ್ಚೆಯಿದೆ: ಕಳ್ಳನಿಂದ ಗುಟ್ಟಾಗಿ ಹಣವನ್ನು ಮರಳಿ ಕದ್ದರೆ ನಾವೂ ಕಳ್ಳರಾಗುವುದಿಲ್ಲವೆ? ಆದುದರಿಂದಲೇ ಅವರು ಅವನ ಮೈಮುಟ್ಟದೆ, ಸುಮ್ಮನೆ ಜೊತೆಗೆ ನಡೆಯುತ್ತಾರೆ. ಸಾಕ್ಷ್ಯ ಸಿಗುವ ತನಕ ಕಾಯುತ್ತಾರೆ. ಆ ಕಾಯುವಿಕೆ ಇಂದಿನ ಗುಂಪಿಗೆ ಸಾಧ್ಯವೆಂದು ನನಗನಿಸುವುದಿಲ್ಲ.

ಇನ್ನೊಂದು ಅಂಶ ಇದಕ್ಕಿಂತ ಗಹನವಾದುದು. ಎಮಿಲನು ಪೋಲೀಸರ ಬಳಿಗೆ ಏಕೆ ಹೋಗುವುದಿಲ್ಲ? ತನ್ನ ಊರಿನಲ್ಲಿ ಡ್ಯೂಕನೊಬ್ಬನ ಪ್ರತಿಮೆಗೆ ಕೆಂಪು ಮೂಗನ್ನೂ ಮೀಸೆಯನ್ನೂ ಬಳಿದ ಅಪರಾಧ ಅವನ ತಲೆಯ ಮೇಲಿದೆ! ದೂರು ಕೊಟ್ಟರೆ ತನ್ನನ್ನೇ ಹಿಡಿದಾರೆಂಬ ಹೆದರಿಕೆ. ವಿಮರ್ಶಕರು ಇದನ್ನು ಹಾಸ್ಯವೆಂದು ತೇಲಿಸಿಬಿಡುತ್ತಾರೆ. ನಮ್ಮ ದೇಶದಲ್ಲಿ ಈಚೆಗೆ ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿನಿಂದ ನಡೆಯುತ್ತಿರುವ ವಂಚನೆಯನ್ನು ಬಲ್ಲವರಿಗೆ ನಗು ಬಾರದು. ಗ್ರುಂಡೈಸನಿಗೆ ಎಮಿಲನ ಈ ಭಯ ಗೊತ್ತೇ ಇರಲಿಲ್ಲ. ಇಂದಿನವನು ಅದನ್ನೇ ಮೊದಲು ಹುಟ್ಟಿಸುತ್ತಾನೆ. ಪೋಲೀಸನ ಉಡುಪಿನಲ್ಲಿ ದೂರವಾಣಿಯ ಪರದೆಯ ಮೇಲೆ ಕಾಣಿಸಿಕೊಂಡು, ನೀನು ಅಪರಾಧಿ, ಯಾರಿಗೂ ಹೇಳಬೇಡ, ಎನ್ನುತ್ತಾನೆ. ಎಮಿಲನಿಗೆ ಗುಸ್ತಾವನು ಬೀದಿಯಲ್ಲಿ ಸಿಕ್ಕನು. ಹುಡುಗನು ಬಾಯಿಬಿಟ್ಟು ಹೇಳಿಕೊಂಡನು. ನಮ್ಮಲ್ಲಿ ‘ಪತ್ತು’ ಎಂಬ ಮಾತಿದೆ. ಆ ಮಕ್ಕಳು ಅಪರಿಚಿತನಿಗೆ ಕೊಟ್ಟುದು ಅದನ್ನೇ, ಜಾಮೀನಿಲ್ಲದೆ. ಪರದೆಯ ಮುಂದೆ ಒಂಟಿಯಾಗಿ ಕುಳಿತವನ ಬಳಿಗೆ ಗುಸ್ತಾವನು ಬರುವುದು ಹೇಗೆ?

ಕೆಲವು ಕಾಲದ ಹಿಂದೆ ನಿವೃತ್ತ ಉಪಾಧ್ಯಾಯರೊಬ್ಬರು ನನ್ನ ಮೇಜಿಗೆ ಬಂದು, ಅವಧಿಗೆ ಮುನ್ನವೇ ಠೇವಣಿಯನ್ನು ಮುರಿಯಬೇಕೆಂದರು. ಏಕೆ ಸರ್, ಎಂದೆ. ಮನೆಯ ರಿಪೇರಿ, ಎಂದರು. ಅವರ ಷರಟಿನ ಜೇಬಿನಲ್ಲಿ ದೂರವಾಣಿ ಹೊತ್ತಿಕೊಂಡೇ ಇತ್ತು. ಯಾರೋ ಆ ಕಡೆಯಿಂದ ನಮ್ಮ ಮಾತನ್ನು ಕೇಳುತ್ತಿದ್ದರೆಂಬುದು ನನಗೆ ತಿಳಿದದ್ದು ನಾಲ್ಕು ದಿನಗಳ ಮೇಲೆ, ಅವರ ಮಗ ಬಂದಾಗ. 1930 ಎಂಬ ಸಹಾಯ ಸಂಖ್ಯೆಗೆ ದೂರು ಕೊಡಿಸಿದೆವು, ಅಷ್ಟರಲ್ಲಿ ತಡವಾಗಿತ್ತು. ಬರ್ಲಿನ್ನಿನ ಆ ಬ್ಯಾಂಕಿನಲ್ಲಿ ನೋಟನ್ನು ಪರೀಕ್ಷಿಸಿ ನೋಡುವವರಾದರೂ ಇದ್ದರು. ಆ ದಿನ ಫಾರಮಿನ ಮೇಲೆ ಮೇಷ್ಟರ ಕೈ ನಡುಗುತ್ತಿತ್ತು; ನಾನು ಸಹಿ ಹೊಂದುತ್ತದೆಯೇ ಎಂದಷ್ಟೇ ನೋಡಿದೆ.