ಕುಮ್ಮಟದುರ್ಗದ ಚರಿತ್ರೆ: ಮೂಲ ಆಕರಗಳ ಪ್ರಶ್ನೆ

1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳನ್ನೊಳಗೊಂಡು ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯು ಶಾಸನಗಳ ದೃಷ್ಟಿಯಿಂದ ಸಂಪನ್ನವಾದ ನೆಲ. ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಯಲಬುರ್ಗೆ ಸಿಂದರ ರಾಜಧಾನಿ. ಇಟಗಿಯ ಮಹಾದೇವ ದೇವಾಲಯವನ್ನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದನೆಂಬುದನ್ನು ಅಲ್ಲಿಯ ಕಲ್ಲೇ ಹೇಳುತ್ತದೆ. ಕೊಪ್ಪಳದ ಕನ್ನಡ ಶಾಸನಗಳು ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಮಾಲೆಯಲ್ಲಿ 1935ರಷ್ಟು ಹಿಂದೆಯೇ ಪ್ರಕಟವಾದವು. ಇಷ್ಟಾದರೂ ಈ ಭಾಗದ ಜನರು ಅತ್ಯಂತ ಅಭಿಮಾನದಿಂದ ಹೇಳುವ ಹೆಸರಿನ ಬಳಿಗೆ ಬಂದಾಗ ಕಲ್ಲು ಬಹುಮಟ್ಟಿಗೆ ಮೌನ ತಾಳುತ್ತದೆ. ಆ ಹೆಸರು ಕುಮ್ಮಟದ ಕುಮಾರರಾಮನದು.

ಮುಮ್ಮಡಿ ಸಿಂಗನ ಮಗ ಕಂಪಿಲರಾಯ, ಅವನ ಮಗ ರಾಮನಾಥ. ಕಂಪಿಲನ ಸ್ವಂತ ಶಾಸನಗಳು ಅತಿ ವಿರಳ. ಅವನ ವಿಷಯ ನಮಗೆ ತಿಳಿಯುವುದು ಹೆಚ್ಚಾಗಿ ಅವನ ಎದುರಾಳಿಗಳ ಕಡೆಯಿಂದ. ಹೊಯ್ಸಳ ಮೂರನೆಯ ಬಲ್ಲಾಳನು ಅವನ ಮೇಲೆ ದಂಡೆತ್ತಿ ಹೋದಾಗ ಮಡಿದವರ ವೀರಗಲ್ಲುಗಳು ಅಂತಹ ಆಕರಗಳು. ಹಾವೇರಿ ಸಮೀಪದ ಸಂಗೂರಿನ ಶಾಸನವು ನಂಜುಂಡಕವಿಗಿಂತ ಹಿಂದೆಯೇ ಕುಮಾರರಾಮನನ್ನು ಸ್ಮರಿಸುತ್ತದೆಂಬುದು ಮುಖ್ಯ ಸಂಗತಿ. ಆದರೆ ಅದೂ ಕುಮ್ಮಟ ಬಿದ್ದ ಎಷ್ಟೋ ವರ್ಷಗಳ ಅನಂತರದ್ದು. ಈ ಮೌನವನ್ನು ನಾವು ಹೇಗೆ ತುಂಬುತ್ತ ಬಂದಿದ್ದೇವೆ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಸಾಮಾನ್ಯವಾಗಿ ಅನುಸರಿಸುವ ಕ್ರಮ ಇದು: ಪರ್ಶಿಯನ್ ಚರಿತ್ರಕಾರರಿಂದ ಒಂದು ಸಂಗತಿ, ಇಬ್ನ್ ಬತೂತನಿಂದ ಒಂದು, ನೂನಿಜ್‌ನಿಂದ ಒಂದು, ನಂಜುಂಡನ ‘ರಾಮನಾಥ ಚರಿತೆ’ಯಿಂದ ಉಳಿದದ್ದೆಲ್ಲ. ಇವನ್ನು ಒಂದರ ಪಕ್ಕ ಒಂದಿಟ್ಟು ಹೊಲಿದರೆ ಕೌದಿ ಸಿದ್ಧ. ಕೌದಿ ಬೆಚ್ಚಗಿರುತ್ತದೆ, ನಿಜ. ಆದರೆ ಯಾವ ತುಂಡು ಯಾವ ಸೀರೆಯದು ಎಂದು ಕೇಳುವವರು ಇಲ್ಲವಾಗುತ್ತಾರೆ. ಎನ್. ವೆಂಕಟರಮಣಯ್ಯನವರು 1929ರಲ್ಲಿ ಕಂಪಿಲಿ ಮತ್ತು ವಿಜಯನಗರಗಳ ಸಂಬಂಧವನ್ನು ಕುರಿತು ಬರೆದಾಗ ಈ ಆಕರಗಳನ್ನು ಪರಸ್ಪರ ತಾಳೆ ನೋಡಿದ್ದರು. ಅನಂತರ ಬಂದ ನಮ್ಮಲ್ಲಿ ಅನೇಕರು ಅವರ ತೀರ್ಮಾನಗಳನ್ನು ಸ್ವೀಕರಿಸಿದೆವು, ತಾಳೆ ನೋಡುವ ಶ್ರಮವನ್ನು ಬಿಟ್ಟೆವು.

ನೂನಿಜ್‌ನ ಉದಾಹರಣೆಯನ್ನೇ ನೋಡಬಹುದು. ಕುದುರೆ ವ್ಯಾಪಾರಕ್ಕೆಂದು ಬಂದ ಈ ಪೋರ್ಚುಗೀಸನು ಬರೆದದ್ದು 1535ರ ಸುಮಾರಿಗೆ. ಸಿವೆಲ್ ಅವರು 1900ರಲ್ಲಿ ಅದನ್ನು ಇಂಗ್ಲಿಷಿಗೆ ತಂದ ಮೇಲೆ ಅದು ಎಲ್ಲರ ಕೈಗೆ ಸಿಕ್ಕಿತು. ಅವನು ತನ್ನ ವೃತ್ತಾಂತವನ್ನು ಆರಂಭಿಸುವುದು 1230ನೆಯ ವರ್ಷದಿಂದ, ಅಂದರೆ ಸುಮಾರು ನೂರು ವರ್ಷಗಳ ತಪ್ಪಿನಿಂದ. ರಾಜನನ್ನು ಅವನು ಆನೆಗೊಂದಿಯವನೆನ್ನುತ್ತಾನೆ. ವಿಜಯನಗರದಲ್ಲಿ ಕುಳಿತು, ಎರಡು ಶತಮಾನಗಳ ಹಿಂದಿನ ಕಥೆಯನ್ನು ಕೇಳಿ ಬರೆದವನಿಗೆ ಹೊಳೆಯ ಆಚೆಯ ಆನೆಗೊಂದಿ ಹತ್ತಿರವಾಗಿ, ಕುಮ್ಮಟ ದೂರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದುದರಿಂದ ನೂನಿಜ್ 1327ಕ್ಕೆ ಮೂಲ ಆಕರವಲ್ಲ. 1535ರಲ್ಲಿ ವಿಜಯನಗರದ ಜನ ತಮ್ಮ ಹುಟ್ಟಿನ ಬಗೆಗೆ ಏನು ಹೇಳಿಕೊಳ್ಳುತ್ತಿದ್ದರು ಎಂಬುದಕ್ಕೆ ಮಾತ್ರ ಅತ್ಯುತ್ತಮ ಮೂಲ ಆಕರ. ಜಾನಪದ ವಿದ್ಯಾರ್ಥಿಗೆ ಅವನು ಹೆಚ್ಚು ಉಪಯುಕ್ತನಾಗುವುದು ಈ ಎರಡನೆಯ ರೀತಿಯಲ್ಲಿ. ಗ್ರಂಥವೊಂದು ಪ್ರಾಥಮಿಕವೇ ಅಲ್ಲವೇ ಎಂಬುದನ್ನು ನಾವು ಕೇಳುವ ಪ್ರಶ್ನೆ ನಿರ್ಣಯಿಸುತ್ತದೆ, ಅದರ ಹಳಮೆಯಲ್ಲ.

ಘಟನೆಗೆ ಹತ್ತಿರದವನು ಇಬ್ನ್ ಬತೂತ. ಸಗರದಲ್ಲಿ ಬಂಡೆದ್ದ ಬಹಾವುದ್ದೀನ್ ಗುರ್ಶಾಸ್ಪನಿಗೆ ಕಂಪಿಲನು ಆಶ್ರಯ ಕೊಟ್ಟದ್ದು, ಮಹಮ್ಮದ್ ಬಿನ್ ತುಘಲಕನ ಸೈನ್ಯ ಮುತ್ತಿದಾಗ ಅತಿಥಿಯನ್ನು ಬಲ್ಲಾಳನ ಬಳಿಗೆ ಕಳುಹಿಸಿದ್ದು, ರಾಣಿವಾಸ ಅಗ್ನಿಪ್ರವೇಶ ಮಾಡಿದ್ದು, ರಾಜನು ಹೋರಾಡಿ ಮಡಿದದ್ದು – ಇವೆಲ್ಲ ಅವನಲ್ಲಿವೆ. ಅವನು ಭಾರತಕ್ಕೆ ಕಾಲಿಟ್ಟದ್ದು 1333ರಲ್ಲಿ, ಅಂದರೆ ಕುಮ್ಮಟ ಬಿದ್ದ ಕೆಲವೇ ವರ್ಷಗಳ ಮೇಲೆ. ಈ ಭಾಗವನ್ನು ನಮ್ಮ ಸ್ಥಳೀಯ ಚರಿತ್ರೆಗಳು ಹೆಮ್ಮೆಯಿಂದ ಎತ್ತಿಕೊಳ್ಳುತ್ತವೆ. ಆದರೆ ಮುಂದಿನ ವಾಕ್ಯಗಳ ಮುಂದೆ ಹಲವರ ಲೇಖನಿ ತಡೆಯುತ್ತದೆ. ಕಂಪಿಲನ ಹನ್ನೊಂದು ಮಂದಿ ಗಂಡುಮಕ್ಕಳು ಸೆರೆಸಿಕ್ಕು ಇಸ್ಲಾಂ ಸ್ವೀಕರಿಸಿದರೆಂದೂ, ತಂದೆಯ ನಡತೆಯನ್ನು ಮೆಚ್ಚಿ ಸುಲ್ತಾನನು ಅವರನ್ನು ಅಮೀರರನ್ನಾಗಿ ಮಾಡಿದನೆಂದೂ ಅವನು ಬರೆಯುತ್ತಾನೆ. ಅವರಲ್ಲಿ ನಸ್ರ್, ಬಖ್ತಿಯಾರ್ ಮತ್ತು ಮುದ್ರಾಧಿಕಾರಿ ಅಬೂ ಮುಸ್ಲಿಂ ಎಂಬ ಮೂವರನ್ನು ತಾನೇ ಕಂಡಿದ್ದನಂತೆ; ಕೊನೆಯವನೊಡನೆ ಸ್ನೇಹವೂ ಇತ್ತಂತೆ. ಮುತ್ತಿಗೆಯ ವಿವರಗಳು ಅವನಿಗೆ ಕೇಳಿದ ಮಾತು. ಈ ಮೂವರು ಕಂಡ ಮುಖಗಳು. ಕಠಿಣವಾಗಿ ಹೇಳುವುದಾದರೆ, ಇಡೀ ಪ್ರಸಂಗದಲ್ಲಿ ಹೆಚ್ಚು ಪ್ರಾಥಮಿಕವಾದ ಸಾಕ್ಷ್ಯವೇ ನಾವು ಬಿಟ್ಟುಬಿಡುವ ಸಾಕ್ಷ್ಯ. ಒಂದೇ ಪುಟದ ಮೇಲರ್ಧವನ್ನು ನಂಬಿ ಕೆಳಗಿನರ್ಧವನ್ನು ಮುಚ್ಚಿಡುವುದು ಅಭಿಮಾನವಿರಬಹುದು, ಸಂಶೋಧನೆಯಲ್ಲ. ರಾಮನಾಥನ ಹೆಸರು ಅವನಲ್ಲಿಲ್ಲ. ಅದರಿಂದ ರಾಮನಾಥನೇ ಇರಲಿಲ್ಲವೆಂದು ವಾದಿಸುವವರೂ ಅವಸರಪಡುತ್ತಾರೆ; ಬತೂತನು ಹೆಸರಿಸುವುದು ತನಗೆ ಭೇಟಿಯಾದವರನ್ನು, ಯುದ್ಧದಲ್ಲಿ ಸತ್ತವರನ್ನಲ್ಲ. 1350ರಲ್ಲಿ ಬರೆದ ಇಸಾಮಿಯು ಕುಮ್ಮಟ ಮತ್ತು ಹೊಸದುರ್ಗ ಎರಡನ್ನೂ ಹೆಸರಿಸುವುದರಿಂದ ಸ್ಥಳದ ಬಗೆಗೆ ಸಂದೇಹ ಉಳಿಯುವುದಿಲ್ಲ.

ಇನ್ನು ಕನ್ನಡ ಕಾವ್ಯಗಳು. ನಂಜುಂಡನು 1525ರ ಸುಮಾರಿನವನು. ಪಾಂಚಾಳಗಂಗನ ‘ಚೆನ್ನರಾಮನ ಸಾಂಗತ್ಯ’ ಮತ್ತೂ ಒಂದು ಶತಮಾನದ ಆಚೆಯದು. ಚೆಂಡು ಹೋಗಿ ರತ್ನಾಜಿಯ ಅರಮನೆಯಲ್ಲಿ ಬಿದ್ದುದು, ಮಲತಾಯಿಯ ಮೋಹ, ಆಕೆಯ ದೂರು, ತಂದೆಯ ಆಜ್ಞೆ, ಮಂತ್ರಿ ಬೈಚಪ್ಪನು ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸಿ ಬೇರೊಂದು ತಲೆಯನ್ನು ತೋರಿಸಿದ್ದು: ಇದು ನಮ್ಮ ಭಾಗದ ಮಕ್ಕಳಿಗೂ ಗೊತ್ತಿರುವ ಕಥೆ. ಇದೇ ಆಶಯ ಅಶೋಕನ ಮಗ ಕುಣಾಲನ ಕಥೆಯಲ್ಲಿದೆ, ಸಾರಂಗಧರನ ಕಥೆಯಲ್ಲಿದೆ. (ಅಶೋಕನ ಶಾಸನವಿರುವ ಬೆಟ್ಟಗಳ ನೆರೆಯಲ್ಲೇ ಈ ಕಥೆ ಮತ್ತೊಮ್ಮೆ ಹುಟ್ಟಿದ್ದು ಕೇವಲ ಆಕಸ್ಮಿಕ, ಅದರಿಂದ ಏನನ್ನೂ ಸಾಧಿಸಲಾಗದು.) ಅಲೆಮಾರಿ ಆಶಯವನ್ನು ಕುಮ್ಮಟದ ಅರಮನೆಯ ನಡೆದ ಸಂಗತಿಯೆಂದು ಬರೆಯುವುದು ತಪ್ಪು. ಆದರೆ ಇದೇ ಕಾವ್ಯದಲ್ಲಿ ಸುಲ್ತಾನನಿಂದ ತಪ್ಪಿಸಿಕೊಂಡು ಬಂದ ಬಹಾದ್ದೂರನಿಗೆ ಕುಮ್ಮಟ ಆಶ್ರಯ ನೀಡುತ್ತದೆ. ಪರ್ಶಿಯನ್ ಬಲ್ಲವನಲ್ಲದ ಕವಿಗೆ, ಇನ್ನೂರು ವರ್ಷಗಳ ಮೇಲೆ, ಬಹಾವುದ್ದೀನನು ಇಷ್ಟು ಗುರುತು ಹಿಡಿಯುವಂತೆ ತಲುಪಿದ್ದು ಬಾಯಿಂದ ಬಾಯಿಗೆ ಬಂದ ನೆನಪಿನಿಂದಲ್ಲದೆ ಮತ್ತಾವುದರಿಂದ? ಮೌಖಿಕ ಪರಂಪರೆಯ ವಿಶ್ವಾಸಾರ್ಹತೆಯನ್ನು ಅಳೆಯಬೇಕಾದುದು ಇಲ್ಲಿ, ರತ್ನಾಜಿಯ ಅಂಗಳದಲ್ಲಿ ಅಲ್ಲ.

ಹಾಗಾದರೆ ಇಂದಿನ ಹಾಡುಗಾರರಿಂದ ಸಂಗ್ರಹಿಸಿದ ಪಾಠಗಳು? ಇಲ್ಲಿ ನನ್ನದೇ ಲೋಪವೊಂದನ್ನು ಹೇಳಬೇಕು. ಕ್ಷೇತ್ರಕಾರ್ಯದ ಆರಂಭದ ವರ್ಷಗಳಲ್ಲಿ ಗಂಗಾವತಿ ತಾಲ್ಲೂಕಿನ ಹಿರಿಯ ಬಯಲಾಟದ ಕಲಾವಿದರೊಬ್ಬರಿಂದ ಕುಮಾರರಾಮನ ಕಥೆಯನ್ನು ಧ್ವನಿಮುದ್ರಿಸಿಕೊಂಡೆ. ಅವರ ಪಾಠದಲ್ಲಿ ತುಘಲಕನ ಹೆಸರೂ ಯುದ್ಧದ ಇಸವಿಯೂ ಇದ್ದವು. ಜನಪದ ನೆನಪಿನ ನಿಖರತೆಗೆ ಇದಕ್ಕಿಂತ ಸಾಕ್ಷಿ ಬೇಕೆ ಎಂದು ಬರೆದೂ ಬಿಟ್ಟೆ. ಮರುವರ್ಷ ಅವರ ಮನೆಗೆ ಹೋದಾಗ ಜಂತಿಯ ಸಂದಿಯಿಂದ ರಟ್ಟು ಕಿತ್ತ ಶಾಲಾಪುಸ್ತಕವೊಂದನ್ನು ತೆಗೆದು ತೋರಿಸಿ, “ಇಸವಿ ಇದರಾಗ ಐತಿ, ನೋಡ್ರಿ” ಎಂದರು. ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೆ. ಅಂದಿನಿಂದ ಪಾಠದ ಜೊತೆಗೆ ಅದು ಯಾರಿಂದ ಕಲಿತದ್ದು, ಮನೆಯಲ್ಲಿ ಯಾವ ಪುಸ್ತಕಗಳಿವೆ, ಯಾವ ಚಲನಚಿತ್ರ ನೋಡಿದ್ದಾರೆ ಎಂಬುದನ್ನೂ ಬರೆದುಕೊಳ್ಳುತ್ತೇನೆ. ಪ್ರಕಟಿತ ಸಂಗ್ರಹಗಳಲ್ಲಿ ಈ ವಿವರ ಬಹುಶಃ ಕಾಣಸಿಗುವುದೇ ಇಲ್ಲ. ಸಂಪಾದಕರು ಅದನ್ನು ಅನುಬಂಧಕ್ಕೂ ಅರ್ಹವಲ್ಲವೆಂದು ಭಾವಿಸಿದಂತಿದೆ.

ಆ ಕಲಾವಿದರ ಪಾಠದಲ್ಲಿ ಪುಸ್ತಕದಿಂದ ಬಾರದ ಭಾಗ ಯಾವುದೆಂದು ಆಮೇಲೆ ಹುಡುಕುತ್ತ ಹೋದೆ. ಉಳಿದದ್ದು ಹೆಚ್ಚಾಗಿ ಮಾತಂಗಿಯ ಪ್ರಸಂಗ. ಕಾವ್ಯದಲ್ಲಿ ಆಕೆ ಸುಲ್ತಾನನು ಕಳುಹಿಸಿದ ಹೆಣ್ಣುದಳವಾಯಿ. ಪರನಾರಿ ಸಹೋದರನೆಂಬ ಬಿರುದಿನ ರಾಮನ ತಲೆ ಬೀಳುವುದು ಹೆಣ್ಣಿನ ಕೈಯಲ್ಲಿ. ಅಟ್ಟದ ಮೇಲೆ ಆಕೆಗೆ ಅವರು ಕೊಡುತ್ತಿದ್ದ ಹೊತ್ತು ಸುಲ್ತಾನನಿಗೆ ಕೊಟ್ಟದ್ದಕ್ಕಿಂತ ಎಷ್ಟೋ ಹೆಚ್ಚು. ಮಾತಂಗಿ ನಮ್ಮ ಭಾಗದಲ್ಲಿ ಮಾದಿಗರು ಪೂಜಿಸುವ ದೇವಿಯ ಹೆಸರೂ ಹೌದು. ದೆಹಲಿಯ ಸೈನ್ಯದ ನಾಯಕಿಗೆ ಈ ಹೆಸರು ಹೇಗೆ ಬಂದಿತು, ಯಾವಾಗ ಬಂದಿತು? ಮಲೆನಾಡಿನ ಹಳ್ಳಿಗಳಲ್ಲಿ ಕುಮಾರರಾಮನ ಮರದ ತಲೆಯನ್ನಿಟ್ಟು ಪೂಜಿಸುವ ಪದ್ಧತಿಯೊಡನೆ ಇದನ್ನು ಹೋಲಿಸಿ ನೋಡಬೇಕಾಗಿದೆ. ಆ ಕೆಲಸಕ್ಕೆ ಪರ್ಶಿಯನ್ ಗ್ರಂಥಗಳು ನೆರವಾಗಲಾರವು. ಹೇಮಗುಡ್ಡದ ಸುತ್ತಲಿನ ಕೇರಿಗಳಲ್ಲಿ, ಮುಖ್ಯವಾಗಿ ಮಾದಿಗರ ಕೇರಿಗಳಲ್ಲಿ, ಈ ಕಥೆಯನ್ನು ಇನ್ನೂ ಯಾರೂ ಸಾಕಷ್ಟು ಕುಳಿತು ಕೇಳಿಲ್ಲ, ನಾನೂ ಕೇಳಿಲ್ಲ.