ಸ್ಕಿಡ್‌ಮೋರ್ ಸಂಸ್ಥೆಯ ವಾಸ್ತುಶಿಲ್ಪ ಮತ್ತು ಬೆಂಗಳೂರಿನ ಹೆಬ್ಬಾಗಿಲು

ದೆಹಲಿಯ ಪೀತಮ್‌ಪುರದಲ್ಲಿ 1988ರಲ್ಲಿ ಪೂರ್ಣಗೊಂಡ ದೂರದರ್ಶನ ಗೋಪುರದ ಎತ್ತರ 235 ಮೀಟರು. ದುಬೈ ನಗರದ ಬುರ್ಜ್ ಖಲೀಫಾ ಅದರ ಮೂರೂವರೆ ಪಟ್ಟು: 828 ಮೀಟರು. ಒಂದು ಪ್ರಸಾರಕ್ಕಾಗಿ ಎದ್ದು ನಿಂತ ಕಾಂಕ್ರೀಟಿನ ಕಂಬ. ಇನ್ನೊಂದು ಜನ ವಾಸಿಸುವ ಕಟ್ಟಡ. ಎತ್ತರವನ್ನು ಅಳೆದು ಬೆರಗಾಗುವುದು ಪ್ರವಾಸಿಯ ಕೆಲಸ. ಆ ಎತ್ತರವನ್ನು ಸಾಧ್ಯಗೊಳಿಸಿದ ತತ್ತ್ವವನ್ನು ಹುಡುಕುವುದು ವಿಮರ್ಶಕನ ಕೆಲಸ. 2010ರಲ್ಲಿ ಬುರ್ಜ್ ಖಲೀಫಾವನ್ನು ಮುಗಿಸಿದ ಸಂಸ್ಥೆಯೇ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ಲನ್ನೂ ರೂಪಿಸಿರುವುದರಿಂದ, ಆ ಹುಡುಕಾಟ ಕನ್ನಡಿಗರಿಗೆ ದೂರದ ಮಾತಾಗಿ ಉಳಿದಿಲ್ಲ.

ಸ್ಕಿಡ್‌ಮೋರ್, ಓವಿಂಗ್ಸ್ ಮತ್ತು ಮೆರಿಲ್ ಎಂಬ ಈ ಸಂಸ್ಥೆಯು 1936ರಲ್ಲಿ ಷಿಕಾಗೋ ನಗರದಲ್ಲಿ ಲೂಯಿ ಸ್ಕಿಡ್‌ಮೋರ್ ಮತ್ತು ನಥಾನಿಯಲ್ ಓವಿಂಗ್ಸ್ ಅವರ ಪಾಲುದಾರಿಕೆಯಾಗಿ ಹುಟ್ಟಿತು. 1939ರಲ್ಲಿ ಜಾನ್ ಮೆರಿಲ್ ಸೇರಿದರು. ವಾಸ್ತುಶಿಲ್ಪಿ, ಇಂಜಿನಿಯರು, ನಗರಯೋಜಕ ಎಲ್ಲರೂ ಒಂದೇ ಸೂರಿನಡಿ ದುಡಿಯುವುದು, ಕೃತಿಯು ಸಂಸ್ಥೆಯ ಹೆಸರಿನಲ್ಲಿ ಹೊರಬರುವುದು, ಇದು ಅವರ ಪದ್ಧತಿ. ಸ್ಥಾಪಕರು ಗತಿಸಿದರೂ ಅಂಕಿತ ಮುಂದುವರಿಯಿತು. 1952ರಲ್ಲಿ ನ್ಯೂಯಾರ್ಕಿನಲ್ಲಿ ಮುಗಿದ ಗಾಜಿನ ಮೈಯ ಲಿವರ್ ಹೌಸ್ ಈ ಸಂಸ್ಥೆಗೆ ಕೀರ್ತಿ ತಂದಿತು. ಅದರ ವಿನ್ಯಾಸಕಾರ ಗಾರ್ಡನ್ ಬನ್‌ಷಾಫ್ಟ್ ಅವರನ್ನು ಬಲ್ಲವರು ಮಾತ್ರ ಬಲ್ಲರು.

ಕನ್ನಡ ನಾಡಿನ ಪರಂಪರೆ ಇದಕ್ಕಿಂತ ಭಿನ್ನ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ವಿಗ್ರಹಗಳ ಕೆಳಗೆ ಹೆಸರು ಕೆತ್ತಿದರು. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಹೆಸರು ಕೆತ್ತುವುದು ಅಹಂಕಾರವಷ್ಟೇ ಅಲ್ಲ. ಈ ಕೆಲಸಕ್ಕೆ ಉತ್ತರವಾದಿ ತಾನೆಂಬ ಒಪ್ಪಿಗೆಯೂ ಹೌದು. ಸಂಸ್ಥೆಯ ಒಟ್ಟು ಅಂಕಿತದಲ್ಲಿ ಲಾಭದಂತೆ ಹೊಣೆಯೂ ಹಂಚಿಹೋಗುತ್ತದೆ. ಆದ್ದರಿಂದ ಈ ಸಂಸ್ಥೆಯನ್ನು ಅರಿಯಬೇಕಾದರೆ ಅಂಕಿತದ ಹಿಂದಿರುವ ವ್ಯಕ್ತಿಯನ್ನು ಅರಸಲೇಬೇಕು.

ಆ ವ್ಯಕ್ತಿಗಳಲ್ಲಿ ಅಗ್ರಗಣ್ಯನಾದವನು 1929ರಲ್ಲಿ ಢಾಕಾದಲ್ಲಿ ಹುಟ್ಟಿದ ವಲಸೆಗಾರ, ಫಜ್ಲುರ್ ರಹಮಾನ್ ಖಾನ್. ಎತ್ತರದ ಕಟ್ಟಡಕ್ಕೆ ತನ್ನ ಭಾರಕ್ಕಿಂತಲೂ ಗಾಳಿಯ ತಳ್ಳುವಿಕೆಯೇ ದೊಡ್ಡ ಶತ್ರು. ಒಳಗಿನ ಕಂಬಗಳನ್ನು ಬೆಳೆಸುತ್ತ ಹೋದರೆ ಖರ್ಚು ಮಿತಿಮೀರುತ್ತದೆ. ಖಾನ್ ಹೊರಗೋಡೆಯನ್ನೇ ಬಿಗಿಯಾದ ಕೊಳವೆಯಾಗಿಸಿ ಗಾಳಿಯನ್ನು ಎದುರಿಸುವ ಹೊಣೆಯನ್ನು ಅದಕ್ಕೆ ಒಪ್ಪಿಸಿದನು. ಬಿದಿರು ನಿಲ್ಲುವುದೂ ಹೀಗೆಯೇ: ಒಳಗೆ ಟೊಳ್ಳು, ಹೊರಗೆ ಬಲ. ಷಿಕಾಗೋದ ಹ್ಯಾನ್‌ಕಾಕ್ ಕಟ್ಟಡದ ಮೈಮೇಲೆ ಕಾಣುವ ದೊಡ್ಡ ಓರೆಪಟ್ಟಿಗಳು ಅಲಂಕಾರಕ್ಕಾಗಿ ಬಂದವಲ್ಲ. ಕಟ್ಟಡವನ್ನು ಹಿಡಿದು ನಿಲ್ಲಿಸಿರುವುದೇ ಅವು. 442 ಮೀಟರು ಎತ್ತರದ ಸಿಯರ್ಸ್ ಗೋಪುರವು ಒಂಬತ್ತು ಚೌಕ ಕೊಳವೆಗಳ ಕಟ್ಟು. 1981ರಲ್ಲಿ ಜೆಡ್ಡಾದಲ್ಲಿ ಮುಗಿದ ಹಜ್ ಟರ್ಮಿನಲ್‌ನಲ್ಲಿ ಗುಡಾರದಂತಹ ಚಾವಣಿಯೇ ರಚನೆ, ಅದೇ ನೆರಳು, ಬಿಸಿಗಾಳಿ ಮೇಲೇರಿ ಹೋಗುವ ದಾರಿಯೂ ಅದೇ. ಕಣ್ಣಿಗೆ ಕಾಣುವುದು ಮತ್ತು ಕೆಲಸ ಮಾಡುವುದು ಒಂದೇ ಆಗಿರುವುದು ಈ ಸಂಸ್ಥೆಯ ಶ್ರೇಷ್ಠ ಕೃತಿಗಳ ಲಕ್ಷಣ.

ಈ ಒರೆಗಲ್ಲಿಗೆ ಬೆಂಗಳೂರಿನ ಟರ್ಮಿನಲ್ಲನ್ನು ಹಚ್ಚಿ ನೋಡಬೇಕು. 2022ರ ನವೆಂಬರಿನಲ್ಲಿ ಉದ್ಘಾಟನೆಗೊಂಡ ಈ ಕಟ್ಟಡದ ವಿಸ್ತಾರ ಸುಮಾರು 2.55 ಲಕ್ಷ ಚದರ ಮೀಟರು, ವರ್ಷಕ್ಕೆ 2.5 ಕೋಟಿ ಪ್ರಯಾಣಿಕರು ಅದರ ಗುರಿ. ಉದ್ಯಾನದೊಳಗಿನ ನಿಲ್ದಾಣ ಎಂಬುದು ಅದರ ಮೂಲ ಕಲ್ಪನೆ. ಚಾವಣಿಯಿಂದ ಗಿಡಗಳು ತೂಗುತ್ತವೆ. ಬಿದಿರಿನ ಜಾಲರಿಯ ಮೂಲಕ ಬಿಸಿಲು ಸೋಸಿ ಇಳಿಯುತ್ತದೆ. ಟರ್ಮಿನಲ್‌ಗೂ ವಿಮಾನ ಹತ್ತುವ ದ್ವಾರಗಳಿಗೂ ನಡುವೆ ಹಸಿರು ಪಟ್ಟಿಯೊಂದು ಹಾದುಹೋಗುತ್ತದೆ. ವಿಮಾನ ನಿಲ್ದಾಣಗಳ ಬಿಳಿಚಿದ ಏಕರೂಪತೆಗೆ ಬೇಸತ್ತ ಕಣ್ಣಿಗೆ ಇದು ತಂಪು. ಆ ಮಟ್ಟಿಗೆ ಮೆಚ್ಚುಗೆ ಸಲ್ಲಲೇಬೇಕು.

ಆದರೆ ಇಲ್ಲಿನ ಬಿದಿರು ಭಾರ ಹೊರುವುದಿಲ್ಲ. ಭಾರ ಹೊರುವುದು ಉಕ್ಕು. ಬಿದಿರು ಅದರ ಹೊದಿಕೆ. ಷಿಕಾಗೋದಲ್ಲಿ ಬಿದಿರಿಲ್ಲದೆ ಬಿದಿರಿನ ನ್ಯಾಯವಿತ್ತು. ಬೆಂಗಳೂರಿನಲ್ಲಿ ಬಿದಿರಿದೆ, ಅದರ ನ್ಯಾಯವಿಲ್ಲ. ಜಾಲರಿಯು ಬೆಳಕನ್ನು ಸೋಸುವಷ್ಟರ ಮಟ್ಟಿಗೆ ಕೆಲಸ ಮಾಡುತ್ತದೆ, ನಿಜ. ಕಂಬಗಳಿಗೆ ಸುತ್ತಿದ ಬಿದಿರಾದರೋ ಊರಿನ ಪರಿಚಯ ಹೇಳುವ ವೇಷ ಮಾತ್ರ.

ಪರದೇಶದ ವಾಸ್ತುಶಿಲ್ಪಿ ಈ ನೆಲವನ್ನು ಬೇರೆ ಬಗೆಯಲ್ಲಿ ಅರಿತ ನಿದರ್ಶನ ಬೆಂಗಳೂರಿನಲ್ಲೇ ಉಂಟು. ಬರ್ಲಿನ್ನಿನಲ್ಲಿ ಹುಟ್ಟಿ, ನಾಜಿಗಳ ಆಡಳಿತದಿಂದ ತಪ್ಪಿಸಿಕೊಂಡು, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದ ಆಟೋ ಕೋನಿಗ್ಸ್‌ಬರ್ಗರ್ ಟಾಟಾ ಇನ್‌ಸ್ಟಿಟ್ಯೂಟಿಗೆ ಕಟ್ಟಡಗಳನ್ನು ರಚಿಸಿದರು. ಬಿಸಿಲಿನ ದಿಕ್ಕು, ಗಾಳಿಯ ಓಟ, ಮಳೆಯ ಇರಚಲು, ಇವುಗಳ ಲೆಕ್ಕದಿಂದ ಅವರ ಗೋಡೆ ಕಿಟಕಿಗಳು ರೂಪುಗೊಂಡವು. ಸ್ವಾತಂತ್ರ್ಯಾನಂತರ ಅವರು ದೆಹಲಿಯಲ್ಲಿ ಭಾರತ ಸರ್ಕಾರದ ವಸತಿ ನಿರ್ದೇಶಕರಾದರು. 1951ರಲ್ಲಿ ದೇಶ ಬಿಟ್ಟು ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ಬೋಧಿಸಿದರು. ಮೈಸೂರಿನಲ್ಲಿ ಕಲಿತದ್ದೇ ಅವರ ಪಾಠದ ಬಂಡವಾಳವಾಯಿತು. ನೆಲವು ಅವರಿಗೆ ಗುರು. ಟರ್ಮಿನಲ್‌ನ ಶಿಲ್ಪಿಗಳಿಗೆ ಅದು ವಿಷಯ. ವ್ಯತ್ಯಾಸ ಇಷ್ಟೇ, ಆದರೆ ಸಣ್ಣದಲ್ಲ.

ಊರು ಬಿಟ್ಟವರಿಗೆ ಈ ವಿವೇಚನೆ ಕೇವಲ ಶಾಸ್ತ್ರವಲ್ಲ. ದೆಹಲಿಯಿಂದ ವಿಮಾನವೇರಿ ಊರಿಗೆ ಮರಳುವ ಕನ್ನಡಿಗನಿಗೆ ದೇವನಹಳ್ಳಿಯ ಈ ಕಟ್ಟಡವೇ ಬೆಂಗಳೂರಿನ ಹೆಬ್ಬಾಗಿಲಾಗಬಹುದು. ಊರು ಹೇಗಿದೆ ಎಂಬ ಪ್ರಶ್ನೆಗೆ ಬಾಗಿಲೇ ಸೊಗಸಾದ ಉತ್ತರ ಕೊಟ್ಟುಬಿಟ್ಟರೆ ಒಳಗಿನ ಬೀದಿಯನ್ನು ವಿಚಾರಿಸುವವರಾರು? ಲಾಲ್‌ಬಾಗು ಊರಿನ ಎಲ್ಲರ ತೋಟ. ಟಿಕೆಟ್ಟು ತೋರಿಸಿ ಒಳಹೊಕ್ಕವನಿಗಷ್ಟೇ ತೂಗುವ ತೋಟ ಅದಕ್ಕೆ ಬದಲಾಗಲಾರದು. ಕಡಿದ ಸಾಲುಮರಕ್ಕೂ ಬತ್ತಿದ ಕೆರೆಗೂ ಸಂಸ್ಥೆಯನ್ನು ಹೊಣೆ ಮಾಡುವುದು ಅನ್ಯಾಯ. ಆದರೆ ಅವುಗಳ ನೆನಪನ್ನು ಅಲಂಕಾರವಾಗಿ ಸ್ವೀಕರಿಸಿ ತೃಪ್ತರಾಗುವ ನಾಗರಿಕರು ಆ ಹೊಣೆಯಿಂದ ಪಾರಾಗಲಾರರು.

ಖಾನ್ ಮತ್ತು ಕೋನಿಗ್ಸ್‌ಬರ್ಗರ್ ಇಬ್ಬರೂ ಹುಟ್ಟೂರನ್ನು ಬಿಟ್ಟು ದೂರದ ನಾಡಿನಲ್ಲಿ ಕಟ್ಟಿದವರು. ಒಬ್ಬನು ಸಂಸ್ಥೆಯ ಒಳಗಿದ್ದು ಕೆಲಸ ಮಾಡಿದನು, ಇನ್ನೊಬ್ಬರು ಸರ್ಕಾರದ ಸೇವೆಯಲ್ಲಿದ್ದು. ಹೊರಗಿನಿಂದ ಬಂದವನು ಒಂದು ಊರನ್ನು ಕಟ್ಟಲಾರನೆಂಬ ವಾದಕ್ಕೆ ಇವರೇ ಉತ್ತರ. ಕಟ್ಟುವವನು ಎಲ್ಲಿಯವನು ಎಂಬುದಕ್ಕಿಂತ, ನೆಲದ ಗುಣವನ್ನು ಕಟ್ಟಡದ ಮೂಳೆಗೆ ಇಳಿಸಿದನೇ, ಚರ್ಮಕ್ಕೆ ಬಳಿದನೇ ಎಂಬುದೇ ಕೇಳತಕ್ಕ ಪ್ರಶ್ನೆ. ಬೆಂಗಳೂರಿನ ಹೆಬ್ಬಾಗಿಲು ಸುಂದರವಾಗಿದೆ. ಮೂಳೆಯ ಮಾತು ಇನ್ನೂ ಬಾಕಿಯಿದೆ.